ಮಾವನಿಗಾಗಿ ಹುಡುಕಿದ ಡ್ಯಾಷ್‌ಹೌಂಡ್ ಮರಿ

ಮಂಡ್ಯದಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಹಿಂದೆ ರಾಜ ಎಂಬ ಡ್ಯಾಷ್‌ಹೌಂಡ್ ತಳಿಯ ನಾಯಿ ಇತ್ತು. ಆರನೇ ವರ್ಷದಲ್ಲಿ ಒಂದು ದಿನ ಮಂಚದಿಂದ ಹಾರಿದ್ದೇ ನೆಪವಾಗಿ ಅದರ ಹಿಂಗಾಲೆರಡೂ ಸ್ವಾಧೀನ ಕಳೆದುಕೊಂಡವು. ನಾಲ್ಕು ತಿಂಗಳು ಮಾವ ಅದರ ಹೊಟ್ಟೆಯಡಿ ಟವೆಲ್ ಕೊಟ್ಟು ಎತ್ತಿ ಹಿಡಿದು ಓಡಾಡಿಸಿದರು. ರಾಜ ಹೋದ ಮೇಲೆ ಆ ಮನೆಗೆ ಬೇರೆ ನಾಯಿ ಬರಲಿಲ್ಲ. ಕಳೆದ ವರ್ಷ ಮಾವ ನಿವೃತ್ತರಾದಾಗ ಅದೇ ತಳಿಯ ಮರಿಯೊಂದನ್ನು ಅವರಿಗೆ ಕೊಡಬೇಕೆಂದು ನನಗೆ ಅನಿಸಿತು.

ಹೇಳದೆ ಕೇಳದೆ ತಂದು ಮಡಿಲಿಗೆ ಹಾಕುವ ಆಸೆ ಇತ್ತು. ಅತ್ತೆ ತಡೆದರು. "ಸೀರೆಯಾದರೆ ಹಿಡಿಸದಿದ್ದರೆ ಬೀರುವಿನಲ್ಲಿಡಬಹುದು. ಜೀವ ಇರುವುದನ್ನು ಕೇಳದೆ ತರಬೇಡ." ಈ ತಳಿಯ ನಾಯಿ ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತದೆ, ಮಾವನಿಗೆ ಆಗಲೇ ಅರವತ್ತು. ಕೇಳಿದೆ. ಒಂದು ವಾರ ಅವರು ಏನೂ ಹೇಳಲಿಲ್ಲ. ಆಮೇಲೆ ತಾವೇ ಫೋನ್ ಮಾಡಿ, "ತರುವುದಾದರೆ ಬೆನ್ನು ಗಟ್ಟಿಯಿರುವ ವಂಶದ್ದನ್ನು ನೋಡು. ಇನ್ನೊಂದು ರಾಜನನ್ನು ಹಾಗೆ ಕಳೆದುಕೊಳ್ಳಲಾರೆ" ಎಂದರು.

ಎರಡೂವರೆ ತಿಂಗಳು ನಾನು ಮೈಸೂರಿನಲ್ಲಿ ಅಲೆದಿದ್ದು ಆ ಒಂದು ಮಾತಿಗಾಗಿ. ಬಿಲದೊಳಗೆ ನುಗ್ಗಿ ಬ್ಯಾಡ್ಜರ್ ಎಂಬ ಪ್ರಾಣಿಯನ್ನು ಹಿಡಿಯಲೆಂದು ಜರ್ಮನಿಯಲ್ಲಿ ಬೆಳೆಸಿದ ತಳಿ ಇದು. ಗಿಡ್ಡ ಕಾಲು, ಉದ್ದ ಮೈ ಎರಡೂ ಆ ಕೆಲಸಕ್ಕಾಗಿ ಬಂದವು. ಆದರೆ ಕಾಲನ್ನು ಗಿಡ್ಡಗೊಳಿಸಿದ ವಂಶವಾಹಿಯ ಬದಲಾವಣೆಗಳ ಜೊತೆಗೇ, ಬೆನ್ನುಮೂಳೆಗಳ ನಡುವಿನ ಡಿಸ್ಕುಗಳು ಚಿಕ್ಕ ವಯಸ್ಸಿಗೇ ಒಣಗಿ ಗಡುಸಾಗುವ ತೊಂದರೆಯೂ ಬಂದಿದೆ. ಸುಮಾರು ನಾಲ್ಕರಲ್ಲಿ ಒಂದು ಡ್ಯಾಷ್‌ಹೌಂಡ್‌ಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಬೆನ್ನಿನ ಕಾಯಿಲೆ ಬರುತ್ತದೆ, ಹೆಚ್ಚಾಗಿ ಮೂರರಿಂದ ಏಳು ವರ್ಷದೊಳಗೆ. ನನಗೆ ಪರಿಚಯದ ಪಶುವೈದ್ಯರು ಇಷ್ಟನ್ನು ವಿವರಿಸಿ ಕೊನೆಗೆ ಹೇಳಿದ್ದು ಇದು: "ಎರಡು ವರ್ಷದ ತಾಯಿ ಚೆನ್ನಾಗಿ ಓಡಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಸಾಧ್ಯವಾದರೆ ಅಜ್ಜಿಯನ್ನು ನೋಡಿ."

ಅಜ್ಜಿಯ ಮಾತಿರಲಿ, ಮೊದಮೊದಲು ತಾಯಿಯನ್ನು ತೋರಿಸುವವರೇ ಸಿಗಲಿಲ್ಲ. ಒಬ್ಬರು ಮೊಬೈಲಿಗೆ ಫೋಟೊ ಕಳಿಸಿ, ಅರ್ಧ ಹಣ ಮುಂಗಡ ಹಾಕಿದರೆ ಮರಿಯನ್ನು ಬಸ್ಸಿನಲ್ಲಿ ಕಳಿಸುತ್ತೇನೆ ಎಂದರು. ಇನ್ನೊಂದು ಅಂಗಡಿಯಲ್ಲಿ ಬೂದು ಚುಕ್ಕೆಗಳ ಮುದ್ದಾದ ಮರಿ ಇತ್ತು. ವಯಸ್ಸು ಐದು ವಾರವಂತೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರ ನಿಯಮವೇ ಇದೆ. ತಂದೆತಾಯಿ ಎರಡೂ ಚುಕ್ಕೆಯವೇ ಎಂದು ಅವರು ಹೆಮ್ಮೆಯಿಂದ ಹೇಳಿದರು. ಅಂಥ ಜೋಡಿ ಕಟ್ಟಿದರೆ ಹುಟ್ಟುವ ಮರಿಗಳಲ್ಲಿ ಕೆಲವಕ್ಕೆ ಕಿವಿ ಕೇಳುವುದಿಲ್ಲ, ಕೆಲವಕ್ಕೆ ಕಣ್ಣು ಕಾಣುವುದಿಲ್ಲ. ಆ ಮರಿಯ ಬೆನ್ನ ಹಿಂದೆ ಮೆಲ್ಲಗೆ ಚಪ್ಪಾಳೆ ತಟ್ಟಿದೆ. ಅದು ತಿರುಗಲಿಲ್ಲ. ಆ ಸಂಜೆ ಮನೆಗೆ ಬಂದು ಊಟ ಸೇರಲಿಲ್ಲ.

ಕೊನೆಗೆ ಸಿಕ್ಕಿದ್ದು ಶ್ರೀರಂಗಪಟ್ಟಣದ ಹತ್ತಿರದ ಒಂದು ತೋಟದ ಮನೆಯಲ್ಲಿ. ಗೇಟು ತೆಗೆಯುತ್ತಿದ್ದಂತೆ ಮೂತಿಯೆಲ್ಲ ನರೆತ ಹೆಣ್ಣು ಡ್ಯಾಷ್‌ಹೌಂಡ್ ಒಂದು ಅಂಗಳ ದಾಟಿ ಬೊಗಳುತ್ತ ಬಂತು. ಹಿಂಗಾಲು ಎಲ್ಲೂ ಎಳೆಯುತ್ತಿಲ್ಲ, ಸೊಂಟ ಓಲಾಡುತ್ತಿಲ್ಲ. ಒಂಬತ್ತು ವರ್ಷವಂತೆ. ಅದರ ಮಗಳು ಐದು ಮರಿಗಳಿಗೆ ಹಾಲು ಕೊಡುತ್ತ ಜಗಲಿಯ ಮೂಲೆಯಲ್ಲಿ ಮಲಗಿತ್ತು. ತಳಿನಾಯಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್‌ನ ಕಾಗದವನ್ನೂ ತೋರಿಸಿದರು. ಆ ಕಾಗದ ಹೇಳುವುದು ವಂಶವನ್ನು, ಆರೋಗ್ಯವನ್ನಲ್ಲ. ನನ್ನ ಮನಸ್ಸನ್ನು ನಿಶ್ಚಯ ಮಾಡಿಸಿದ್ದು ಅಂಗಳ ದಾಟಿ ಬಂದ ಆ ಅಜ್ಜಿಯೇ.

ಮರಿಗಳಿಗೆ ಆಗ ಆರು ವಾರ. ಎರಡು ವಾರ ಕಾದೆ. ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತಲೇ ಮರಿಗೆ ಎಷ್ಟು ಗಟ್ಟಿಯಾಗಿ ಕಚ್ಚಬಾರದೆಂದು ತಿಳಿಯುವುದು, ಆ ದಿನಗಳನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮತ್ತೆ ಹೋದಾಗ ಕೆಂಪು ಬಣ್ಣದ ಹೆಣ್ಣುಮರಿಯನ್ನು ಆರಿಸಿದೆ. ತುಟಿ ಎತ್ತಿದರೆ ಒಸಡು ನಸುಗೆಂಪಾಗಿತ್ತು, ಕಣ್ಣಿನಲ್ಲಿ ಪಿಸುರಿರಲಿಲ್ಲ, ಹೊಕ್ಕುಳಲ್ಲಿ ಗಂಟಿರಲಿಲ್ಲ. ಹೊಟ್ಟೆ ಬಿರಿದಂತೆ ಉಬ್ಬಿದ್ದರೆ ಜಂತುಹುಳು ಇರಬಹುದು, ಇದಕ್ಕೆ ಹಾಗಿರಲಿಲ್ಲ. ಲಸಿಕೆಯ ಪುಸ್ತಕದಲ್ಲಿ ಸೀಸೆಯಿಂದ ಕಿತ್ತು ಅಂಟಿಸಿದ ಚೀಟಿ, ದಿನಾಂಕ, ವೈದ್ಯರ ಸಹಿ ಮೂರೂ ಇದ್ದವು. ಬರಿಯ ಟಿಕ್ ಗುರುತಿದ್ದರೆ ನಂಬಬೇಡಿ.

ತಾಯಿ ಮಲಗಿದ್ದ ಗೋಣಿಚೀಲದ ಮೇಲಿನ ಹಳೆಯ ಪಂಚೆಯ ತುಂಡೊಂದನ್ನು ಕೇಳಿ ತೆಗೆದುಕೊಂಡೆ. ಮಂಡ್ಯ ತಲುಪುವವರೆಗೂ ಮರಿ ಅದರಲ್ಲಿ ಮೂತಿ ಹುದುಗಿಸಿ ಮಲಗಿತ್ತು. ದಾರಿಯಲ್ಲಿ ಎಲ್ಲೂ ಅದನ್ನು ನೆಲಕ್ಕೆ ಬಿಡಲಿಲ್ಲ. ಲಸಿಕೆಗಳು ಪೂರ್ತಿಯಾಗುವ ಮುನ್ನ ಬೇರೆ ನಾಯಿಗಳು ಓಡಾಡಿದ ಜಾಗದಲ್ಲಿ ಬಿಟ್ಟರೆ ಪಾರ್ವೊ ಎಂಬ, ಮರಿಗಳ ಜೀವಕ್ಕೇ ಕುತ್ತು ತರುವ ವೈರಸ್ ರೋಗ ತಗಲುವ ಭಯ.

ನಾನು ತಲುಪುವಷ್ಟರಲ್ಲಿ ಮಾವ ಬಡಗಿಯನ್ನು ಕರೆಸಿ ಜಗಲಿಯ ಮೂರು ಮೆಟ್ಟಿಲಿನ ಮೇಲೆ ಇಳಿಜಾರು ಹಲಗೆ ಹಾಕಿಸಿದ್ದರು. ಜಾರದಂತೆ ಅದಕ್ಕೆ ತೆಂಗಿನ ನಾರಿನ ಚಾಪೆ ಹೊಡೆಸಿದ್ದರು. ಮಂಚದ ಕಾಲು ಕೊಯ್ಯಿಸಿ ಹಾಸಿಗೆಯನ್ನು ನೆಲದ ಹತ್ತಿರಕ್ಕೆ ಇಳಿಸಿದ್ದರು. ಮರಿಯನ್ನು ಅವರು ಕೈಗೆ ತೆಗೆದುಕೊಂಡ ರೀತಿಯನ್ನು ನೋಡಬೇಕಿತ್ತು: ಒಂದು ಅಂಗೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ, ಬೆನ್ನು ಗೆರೆ ಎಳೆದಂತೆ ನೇರ. ಆ ಕೈಗಳು ಏನನ್ನೂ ಮರೆತಿರಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಸಾರನ್ನ ಹಾಕಲು ಹೊರಟ ಅತ್ತೆಗೆ ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ ಎಂದು ಹೇಳಿದೆ. ಈಗ ಅದಕ್ಕೆಂದೇ ಬೇರೆ ಅನ್ನ, ಬೇಯಿಸಿದ ಮೊಟ್ಟೆ. ಕರಿಬೇವಿನ ಬುಡದಲ್ಲಿ ಅದು ತೋಡಿದ ಗುಂಡಿಗಳನ್ನು ಯಾರೂ ಮುಚ್ಚುವುದಿಲ್ಲ. ತೂಕ ಏರಿದರೆ ಬೆನ್ನಿಗೆ ಭಾರವೆಂದು ಪ್ರತಿ ಭಾನುವಾರ ಮಾವ ಅದನ್ನು ಅಕ್ಕಿ ತೂಗುವ ತಕ್ಕಡಿಯಲ್ಲಿ ಕೂರಿಸಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾರೆ. ಮೊನ್ನೆ ಬರೆದಿದ್ದು 5 ಕೆ.ಜಿ. 300 ಗ್ರಾಂ. ಪಕ್ಕದಲ್ಲಿ ಅದರ ಹೆಸರೂ ಇತ್ತು, ರಾಣಿ.