ಹಸಿರು ಟಿಕ್ ಇತ್ತು, ಮೇಲ್ ಇರಲಿಲ್ಲ

ಶಿರಸಿ ಹತ್ತಿರ ನಮ್ಮ ಭಾವ ಒಂದು ಹೋಮ್‌ಸ್ಟೇ ನಡೆಸುತ್ತಾರೆ. ವೆಬ್‌ಸೈಟ್ ಮಾಡಿಕೊಟ್ಟಿದ್ದು ನಾನು, ಹಾಗಾಗಿ ಬೈಸಿಕೊಳ್ಳುವವನೂ ನಾನೇ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗ ಇಲ್ಲಿ ರೂಮಿಗೆ ಎಷ್ಟು ಪರದಾಟ ಗೊತ್ತಲ್ವಾ. ಸರಿಯಾಗಿ ಅದೇ ಹೊತ್ತಿಗೆ ಭಾವನ ಫೋನ್: "ಹದಿನೈದು ದಿನಾತು, ಫಾರ್ಮಿಂದ ಒಂದು ಮೇಲೂ ಬಂಜಿಲ್ಲೆ ಮಾರಾಯ."

ನನ್ನ ಜಿಮೇಲಿನಿಂದ ಕಳಿಸಿ ನೋಡಿದೆ, ತಕ್ಷಣ ಹೋಯಿತು. ವೆಬ್‌ಸೈಟಿನ ಫಾರ್ಮ್ ತುಂಬಿದರೆ 'ಧನ್ಯವಾದ' ಅಂತ ಬರುತ್ತದೆ, ಮೇಲ್ ಇಲ್ಲ. ಸ್ಪ್ಯಾಮಿನಲ್ಲೂ ಇಲ್ಲ. ಎರಡು ರಾತ್ರಿ ಸುಮ್ನೆ ಪ್ಲಗಿನ್ ಬದಲಿಸಿದೆ, ಪಾಸ್‌ವರ್ಡ್ ಬದಲಿಸಿದೆ, ಮೇಲ್ ಕಳಿಸುವ ಪೋರ್ಟ್ ಸಂಖ್ಯೆ 465 ಇದ್ದದ್ದನ್ನು 587 ಮಾಡಿದೆ, ಬೆಳಗಿನ ಜಾವ ಮತ್ತೆ 465 ಮಾಡಿ ಮಲಗಿದೆ. ಯಾವ ಮೇಲ್ ಎಲ್ಲಿಗೆ ಹೋಯಿತು ಅನ್ನೋ ದಾಖಲೆ, ಅಂದರೆ ಲಾಗ್ ಮಾತ್ರ ನೋಡಿರಲಿಲ್ಲ!

ಮೂರನೇ ದಿನ ಸಿಪ್ಯಾನೆಲಿನ (ವೆಬ್‌ಸೈಟ್ ಇಟ್ಟಿರುವ ಹೋಸ್ಟಿಂಗ್ ಸರ್ವರನ್ನು ನಿಭಾಯಿಸುವ ಪುಟ) ಟ್ರ್ಯಾಕ್ ಡೆಲಿವರಿ ತೆಗೆದೆ, ಕಳಿಸಿದ ಮೇಲ್‌ಗಳ ಪಟ್ಟಿ ಅದು. ಎಲ್ಲ ಸಾಲಿಗೂ ಹಸಿರು ಟಿಕ್. ಮುಟ್ಟಿದೆ ಸರಿ, ಎಲ್ಲಿಗೆ ಮುಟ್ಟಿದೆ? ಒಂದು ಸಾಲಿನ ವಿವರ ಬಿಡಿಸಿದರೆ ಟ್ರಾನ್ಸ್‌ಪೋರ್ಟ್ ಅನ್ನೋ ಕಡೆ 'ಡವ್‌ಕಾಟ್ ವರ್ಚುವಲ್ ಡೆಲಿವರಿ' ಅಂತಿತ್ತು, ಅಂದರೆ ಅದೇ ಸರ್ವರಿನ ಬಾಕ್ಸಿಗೆ ಹಾಕಿದ್ದು. ಹೊರಗೆ ಹೋಗಿದ್ದರೆ ಅಲ್ಲಿ 'ರಿಮೋಟ್ ಎಸ್‌ಎಂಟಿಪಿ' ಇರಬೇಕಿತ್ತು. ಮೇಲ್ ಸರ್ವರಿನ ಹೊಸಿಲೇ ದಾಟಿಲ್ಲ.

ಆಗ ನೆನಪಾಯಿತು. ಮೊದಲು ಮೇಲ್‌ಬಾಕ್ಸ್ ಹೋಸ್ಟಿಂಗಿನಲ್ಲೇ ಇತ್ತು. ಆಮೇಲೆ ಗೂಗಲ್ ವರ್ಕ್‌ಸ್ಪೇಸಿಗೆ ಹೋದೆವು, ಡೊಮೈನ್ (ಸೈಟಿನ ಹೆಸರು) ಕೊಂಡ ಕಡೆ ಎಂಎಕ್ಸ್ ರೆಕಾರ್ಡ್, ಅಂದರೆ ಆ ಹೆಸರಿನ ಮೇಲ್ ಯಾವ ಸರ್ವರಿಗೆ ಹೋಗಬೇಕು ಅನ್ನೋ ಸಾಲು, ಬದಲಿಸಿದ್ದೆ. ಹೊರಗಿನ ಸರ್ವರ್‌ಗಳು ಎಂಎಕ್ಸ್ ನೋಡಿ ಗೂಗಲ್‌ಗೆ ಕಳಿಸುತ್ತವೆ. ಆದರೆ ಸಿಪ್ಯಾನೆಲಿನ ಈಮೇಲ್ ರೂಟಿಂಗ್ ಸೆಟ್ಟಿಂಗಿನಲ್ಲಿ 'ಲೋಕಲ್ ಮೇಲ್ ಎಕ್ಸ್‌ಚೇಂಜರ್' ಅಂತಿದ್ದರೆ ಅಲ್ಲಿ ಮೇಲ್ ಸಾಗಿಸುವ ಸಾಫ್ಟ್‌ವೇರ್ ಎಕ್ಸಿಮ್ ಎಂಎಕ್ಸ್ ಕೇಳುವುದೇ ಇಲ್ಲ, ಈ ಡೊಮೈನ್ ನನ್ನದೇ ಅಂದುಕೊಂಡು ತನ್ನಲ್ಲಿರುವ ಹಳೇ ಬಾಕ್ಸಿಗೆ ಹಾಕಿ ಸುಮ್ಮನಾಗುತ್ತದೆ. ವೆಬ್‌ಮೇಲ್ ತೆಗೆದರೆ 23 ಜನ ರೂಮ್ ಕೇಳಿ ಬರೆದದ್ದು ಅಲ್ಲೇ ಕೂತಿತ್ತು. ಭಾವ ಎಲ್ಲರಿಗೂ ಫೋನ್ ಮಾಡಿದರು. ಹೆಚ್ಚಿನವರು ಬೇರೆ ಕಡೆ ಹಿಡಿದಾಗಿತ್ತು, ಹುಬ್ಬಳ್ಳಿಯ ಒಂದು ಮನೆಯವರು ಮಾತ್ರ ಬರುತ್ತೇವೆ ಅಂದರು.

ರೂಟಿಂಗನ್ನು 'ರಿಮೋಟ್' ಮಾಡಿದೆ. ಟೆಸ್ಟ್ ಮೇಲ್ ಗೂಗಲ್‌ಗೆ ಹೋಯಿತು, ಸೀದಾ ಸ್ಪ್ಯಾಮಿಗೆ. ಈ ತಪ್ಪೂ ನನ್ನದೇ. ಎಸ್‌ಪಿಎಫ್ ಅಂದರೆ ನಮ್ಮ ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅಂತ ಹೇಳುವ ಸಾಲು. ಗೂಗಲ್ಲಿನದು ಇರುವಾಗಲೇ ಕೆಳಗೆ ಹೋಸ್ಟಿಂಗಿನದು ಇನ್ನೊಂದು ಹಾಕಿಟ್ಟಿದ್ದೆ. ಒಂದು ಹೆಸರಿಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಿದ್ದರೆ ಕೂಡಿಸಿ ಓದುವುದಿಲ್ಲ, 'ಪರ್ಮ್‌ಎರರ್' ಅಂತ ಎರಡನ್ನೂ ಬಿಟ್ಟುಬಿಡುತ್ತಾರೆ. ಎರಡನ್ನೂ ಒಂದೇ ಸಾಲಿಗೆ ಸೇರಿಸಿದೆ. ಹಾಗಂತ 'ಇನ್‌ಕ್ಲೂಡ್' (ಬೇರೆಯವರ ಪಟ್ಟಿ ಸೇರಿಸುವುದು) ಜಾಸ್ತಿ ತುಂಬಬೇಡಿ, ಡಿಎನ್‌ಎಸ್ (ಡೊಮೈನಿನ ಈ ರೆಕಾರ್ಡುಗಳೆಲ್ಲ ಇರುವ ವ್ಯವಸ್ಥೆ) ಹುಡುಕಾಟ 10 ದಾಟಿದರೂ ಅದೇ ಎರರ್. ಮೇಲಿಗೆ ಹಾಕುವ ಡಿಜಿಟಲ್ ಸಹಿ ಡಿಕಿಮ್‌ಗೆ ಸಿಪ್ಯಾನೆಲಿನ ರಿಪೇರ್ ಬಟನ್ ಉಪಯೋಗಕ್ಕೆ ಬರಲಿಲ್ಲ, ನಮ್ಮ ಡಿಎನ್‌ಎಸ್ ಬೇರೆ ಕಡೆ ಇದೆಯಲ್ಲ. ಕೀಯನ್ನು ಕಾಪಿ ಮಾಡಿ ಅಲ್ಲಿ ಕೈಯಾರೆ ಹಾಕಿದೆ. ಟಿಟಿಎಲ್ (ಹಳೇ ರೆಕಾರ್ಡನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಹೊತ್ತು) 14400 ಸೆಕೆಂಡ್ ಇತ್ತು, ಅಂದರೆ ನಾಲ್ಕು ಗಂಟೆ. ತೋಟಕ್ಕೆ ಹೋಗಿ ಬಂದೆ. ಸಂಜೆ ಮೇಲ್ ಇನ್‌ಬಾಕ್ಸಿಗೇ ಬಂತು.

ಕೊನೆಗೆ ಹಳೇ ಬಾಕ್ಸನ್ನು ಅಳಿಸಿದೆ, ಇಲ್ಲದ ವಿಳಾಸಕ್ಕೆ ಬಂದ ಮೇಲ್ ಹೋಗುವ ಡಿಫಾಲ್ಟ್ ಅಡ್ರೆಸನ್ನೂ ಯಾವುದನ್ನೂ ಇಟ್ಟುಕೊಳ್ಳದೆ ವಾಪಸ್ ಮಾಡುವ ಹಾಗೆ ಇಟ್ಟೆ. ನಾಳೆ ಯಾರಾದರೂ, ಯಾರೇನು ನಾನೇ, ರೂಟಿಂಗನ್ನು ಮತ್ತೆ ಲೋಕಲ್ ಮಾಡಿದರೆ '550 ನೋ ಸಚ್ ಯೂಸರ್' ಅಂತ ಎರರ್ ಆದರೂ ಬರುತ್ತದೆ.