ಉಕ್ಕಿನ ಬೋಟಿಗೆ ಬಣ್ಣ ಬಳಿಯುವ ಮುನ್ನ ತುಕ್ಕು, ಉಪ್ಪು ಎರಡನ್ನೂ ತೆಗೆಯುವುದು ಹೇಗೆ?

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಮಲ್ಪೆ, ಮಂಗಳೂರಿನ ಉಕ್ಕಿನ ಬೋಟುಗಳ ದುರಸ್ತಿಗೆ ಸಿಗುವ ದೊಡ್ಡ ಬಿಡುವು ಇದೇ ಆದರೂ, ಬಣ್ಣದ ಕೆಲಸಕ್ಕೆ ವರ್ಷದಲ್ಲೇ ಅತ್ಯಂತ ಪ್ರತಿಕೂಲವಾದ ಕಾಲವೂ ಇದೇ. ಆದ್ದರಿಂದ ಸಿದ್ಧತೆಯಲ್ಲಿ ಅವಸರ ಸಲ್ಲದು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ತಗಡಿನ ಮೇಲೆ ಉಳಿದ ಉಪ್ಪು ಬಣ್ಣದ ಪದರದೊಳಗಿಂದಲೂ ತೇವವನ್ನು ಎಳೆದುಕೊಂಡು ಗುಳ್ಳೆ ಏಳಿಸುತ್ತದೆ. ಅದನ್ನು ತೊಳೆಯದೆ ಎಷ್ಟು ದುಬಾರಿ ಬಣ್ಣ ಬಳಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ. ಬೋಟು ದಡಕ್ಕೇರಿದ ಕೂಡಲೇ, ಅಂಟಿದ ಚಿಪ್ಪು ಮತ್ತು ಪಾಚಿ ಒಣಗುವ ಮೊದಲೇ ಕೆರೆದು, ಸಿಹಿನೀರನ್ನು ಒತ್ತಡದಲ್ಲಿ ಹಾಯಿಸಿ ತೊಳೆಯಬೇಕು. ಕಡಲಂಚಿನ ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಅದು ಈ ಕೆಲಸಕ್ಕೆ ಬಾರದು.

ಅನಂತರ ತಗಡನ್ನು ಸುತ್ತಿಗೆಯಿಂದ ತಟ್ಟಿ ಸಡಿಲವಾದ ತುಕ್ಕಿನ ಪದರವನ್ನು ಉದುರಿಸಿ, ಅಲ್ಟ್ರಾಸಾನಿಕ್ ಮಾಪಕದಿಂದ ದಪ್ಪವನ್ನು ಅಳೆಸಬೇಕು. ಮೂಲ ದಪ್ಪದಲ್ಲಿ ಕಾಲುಭಾಗದಷ್ಟು ಸವೆದಿದ್ದರೆ ತಗಡನ್ನೇ ಬದಲಿಸಬೇಕಾಗುತ್ತದೆ. ಎಂಜಿನ್ನಿನ ಕೆಳಗೆ ನೀರು ನಿಲ್ಲುವ ತಳವನ್ನೂ ಮೀನು ತುಂಬುವ ಕೋಣೆಯ ಗೋಡೆಗಳನ್ನೂ ಬಿಡದೆ ಪರೀಕ್ಷಿಸಬೇಕು. ಹೊರಗಿನಿಂದ ಚೆನ್ನಾಗಿಯೇ ಕಾಣುವ ತಗಡು ಒಳಗಿನಿಂದ ತೆಳುವಾಗಿರುವುದುಂಟು.

ತುಕ್ಕು ತೆಗೆಯಲು ಬ್ಲಾಸ್ಟಿಂಗ್, ಅಂದರೆ ಮರಳಿನಂಥ ಗಟ್ಟಿ ಹರಳುಗಳನ್ನು ಗಾಳಿಯ ಒತ್ತಡದಿಂದ ತಗಡಿಗೆ ರಭಸವಾಗಿ ಎರಚುವುದು, ಉತ್ತಮ ವಿಧಾನ. ತಗಡು ಬಹುತೇಕ ಬಿಳಿ ಲೋಹದ ಮಟ್ಟಕ್ಕೆ, ಅಂದರೆ ಎಸ್‌ಎ 2.5 ಎಂಬ ಸ್ವಚ್ಛತೆಯ ದರ್ಜೆಗೆ ಬರಬೇಕು. ಹೊಳೆಯ ಮರಳಿನ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ಶಾಶ್ವತವಾಗಿ ಹಾಳುಮಾಡುವುದರಿಂದ ಗಾರ್ನೆಟ್ ಎಂಬ ಗಟ್ಟಿ ಖನಿಜದ ಹರಳು ಬಳಸುವುದು ಒಳಿತು. ಆಗಲೂ ಗಾಳಿ ಪೂರೈಸುವ ಮುಖಗವಚ ಬೇಕೇ ಬೇಕು. ಬರಿಯ ತಂತಿಬ್ರಷ್‌ನಿಂದ ಉಜ್ಜಿದರೆ ತುಕ್ಕು ಹೊಳಪಾಗುತ್ತದೆಯೇ ಹೊರತು ಹೋಗುವುದಿಲ್ಲ.

ಬ್ಲಾಸ್ಟಿಂಗ್ ಮುಗಿದ ತಗಡಿಗೆ ಅದು ಮತ್ತೆ ಕೆಂಪಾಗುವ ಮೊದಲೇ, ಅದೇ ದಿನ ಪ್ರೈಮರ್, ಅಂದರೆ ಬಣ್ಣದ ಮೊದಲ ಪದರ, ಹಚ್ಚಬೇಕು. ಆಗ ಗಾಳಿಯ ಆರ್ದ್ರತೆ ಶೇ 85ಕ್ಕಿಂತ ಕಡಿಮೆ ಇದ್ದು, ತಗಡಿನ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು. ಜುಲೈನಲ್ಲಿ ಬಯಲಲ್ಲಿ ಈ ಸ್ಥಿತಿ ಸಿಗುವುದು ಅಪರೂಪ. ಮುಚ್ಚಿದ ಶೆಡ್ಡಿನಲ್ಲಿ ಬಿಸಿಗಾಳಿ ಹಾಯಿಸಿಯೇ ಕೆಲಸ ಮಾಡಬೇಕಾಗುತ್ತದೆ. ಮೇ ಕೊನೆಯ ವಾರದ ಮೀನುಗಾರಿಕೆಯನ್ನು ಬಿಟ್ಟು, ಮಳೆ ಹಿಡಿಯುವ ಮೊದಲೇ ಬೋಟನ್ನು ಮೇಲೇರಿಸುವುದು ಇದಕ್ಕಿಂತ ಲಾಭಕರ ಎಂದು ನನಗನಿಸುತ್ತದೆ.

ಬೆಸುಗೆಯ ಸಾಲು ಮತ್ತು ಅಂಚುಗಳಲ್ಲಿ ಬಣ್ಣ ತೆಳುವಾಗಿ ಕೂರುವುದರಿಂದ ಅಲ್ಲಿಗೆ ಮೊದಲು ಬ್ರಷ್‌ನಿಂದ ಒಂದು ಪಟ್ಟಿ ಬಳಿದು, ಬಳಿಕ ಇಡೀ ಮೈಗೆ ಎಪಾಕ್ಸಿ ಬಣ್ಣದ ಪದರಗಳನ್ನು ತಯಾರಕರು ಹೇಳಿದ ಅಂತರದಲ್ಲಿ ಹಚ್ಚಬೇಕು. ನೀರಿನ ಮಟ್ಟದ ಕೆಳಗೆ ಕೊನೆಯದಾಗಿ ಬಳಿಯುವ, ಚಿಪ್ಪು ಕಟ್ಟದಂತೆ ತಡೆಯುವ ಬಣ್ಣದಲ್ಲಿ ತಾಮ್ರವಿದ್ದರೆ ಅದು ಬರಿಯ ಉಕ್ಕನ್ನು ತಾಗಲೇಬಾರದು. ತಾಗಿದಲ್ಲಿ ಉಕ್ಕೇ ವೇಗವಾಗಿ ಸವೆಯುತ್ತದೆ.

ಕೊನೆಯ ಕೆಲಸ ಸತುವಿನ ಆನೋಡ್‌ಗಳದ್ದು. ಉಕ್ಕಿನ ಬದಲು ತಾವು ಸವೆದು ಬೋಟನ್ನು ಕಾಯುವ ಈ ಗಟ್ಟಿಗಳು ತಗಡಿನ ಬರಿಯ ಲೋಹಕ್ಕೆ ಬೆಸುಗೆಯಿಂದ ಕೂಡಿರಬೇಕು ಮತ್ತು ಅವುಗಳಿಗೆ ಬಣ್ಣ ತಾಗಬಾರದು. ಅರ್ಧದಷ್ಟು ಸವೆದವುಗಳನ್ನು ನೀರಿಗಿಳಿಸುವ ಮುನ್ನವೇ ಬದಲಿಸಬೇಕು.