ಆಮೆಗೆ ಆವರಣ: ನಾನು ಮೊದಲು ನೋಡಿದ್ದು ಗೋಡೆಯ ಬುಡ

ಸಾಕಿದ ಆಮೆಗೆ ಹೊರಗೆ ಜಾಗ ಮಾಡಿಕೊಡುತ್ತೇನೆ ಅಂದರೆ ಎಲ್ಲರೂ ಕೇಳುವುದು ಅಗಲ ಎಷ್ಟು, ಉದ್ದ ಎಷ್ಟು ಅಂತ. ಅದೂ ಮುಖ್ಯವೇ. ಆದರೆ ನಾನು ಅಳತೆಗೆ ಹೋಗುವ ಮುಂಚೆ ಆಮೆ ಓಡಾಡುವ ರೀತಿಯನ್ನು ನೋಡಿದೆ. ನಮ್ಮದು ಹರ್ಮನ್ ಜಾತಿಯ ನೆಲದಾಮೆ, ಚಿಪ್ಪು 16 ಸೆಂಟಿಮೀಟರ್ ಉದ್ದ. ಹೊಸ ಜಾಗಕ್ಕೆ ಬಿಟ್ಟರೆ ಅದು ನಡುವೆ ಸುಮ್ಮನೆ ಕೂರುವುದಿಲ್ಲ. ಅಂಚು ಹಿಡಿದು ಸುತ್ತು ಹಾಕುತ್ತದೆ, ಎಲ್ಲಿ ಸಂದಿ ಇದೆ, ಎಲ್ಲಿ ಮಣ್ಣು ಸಡಿಲ ಇದೆ ಎಂದು ಹುಡುಕುತ್ತದೆ. ಹಾಗಾಗಿ ಆವರಣ ಭದ್ರವೋ ಅಲ್ಲವೋ ಎನ್ನುವುದು ಗೊತ್ತಾಗುವುದು ಅದರ ಅಂಚಿನಲ್ಲೇ.

ಗಾಜಿನ ತೊಟ್ಟಿಯನ್ನು ನಾನು ಮೊದಲೇ ಬಿಟ್ಟೆ. ಮೂಳೆ ಮತ್ತು ಚಿಪ್ಪು ಗಟ್ಟಿಯಾಗಲು ಬೇಕಾದ ವಿಟಮಿನ್ ಡಿ3 ತಯಾರಾಗುವುದು ಬಿಸಿಲಿನ ಯುವಿಬಿ ಎಂಬ ನೇರಳಾತೀತ ಕಿರಣದಿಂದ. ಸಾಮಾನ್ಯ ಗಾಜು ಅದನ್ನು ತಡೆದುಬಿಡುತ್ತದೆ, ಶಾಖವನ್ನು ಮಾತ್ರ ಒಳಗೇ ಕೂಡಿಹಾಕುತ್ತದೆ. ಮೊಲದ ಗೂಡೂ ಆಗಲಿಲ್ಲ. ಅದರ ತಂತಿಯ ತಳದಲ್ಲಿ ಆಮೆಯ ಕಾಲು ಸಿಕ್ಕಿಕೊಳ್ಳುತ್ತದೆ.

ಉಳಿದದ್ದು ಜಾಲರಿ ಬೇಲಿ ಅಥವಾ ಗೋಡೆ. ತಾತ್ಕಾಲಿಕವಾಗಿ ಜಾಲರಿ ಕಟ್ಟಿ ಒಳಗೆ ಬಿಟ್ಟು ಪಕ್ಕದಲ್ಲೇ ಕುಳಿತು ನೋಡಿದೆ. ಆಚೆಯ ಹುಲ್ಲು ಕಾಣುತ್ತಿತ್ತಲ್ಲ, ಆಮೆ ಮೂಗನ್ನು ಜಾಲರಿಗೆ ಒತ್ತಿ, ಮುಂಗಾಲಿನ ಉಗುರನ್ನು ತಂತಿಗೆ ಸಿಕ್ಕಿಸಿ ತಳ್ಳುತ್ತಲೇ ಇತ್ತು. ಹೊರಗಿನಿಂದ ಒಂದು ಹಲಗೆ ಒರಗಿಸಿದೆ. ಆಚೆಯದು ಕಾಣದಾದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ತಡಕಾಡಿ, ತಿರುಗಿ ಮೇಯಲು ಹೋಯಿತು. ಆಚೆ ಕಾಣುವವರೆಗೆ ಅದಕ್ಕೆ ಬೇಲಿ ಎಂದರೆ ಬೇಲಿಯೇ ಅಲ್ಲ. ಅಲ್ಲಿಗೆ ಗೋಡೆ ಎಂದು ನಿಶ್ಚಯ ಮಾಡಿದೆ.

ಟೊಳ್ಳು ಸಿಮೆಂಟ್ ಬ್ಲಾಕ್‌ನ ಗೋಡೆ ಕಟ್ಟಿಸಿದೆ. ನೆಲದ ಮೇಲೆ 45 ಸೆಂಟಿಮೀಟರ್, ನೆಲದೊಳಗೆ 30. ಒಳಗಿನಿಂದ ಗೋಡೆಗೆ ತಾಗಿದಂತೆ ಸುತ್ತಲೂ ಚಪ್ಪಡಿ ಹಾಸಿದೆ. ಆಮೆ ತೋಡಲು ಶುರುಮಾಡುವುದು ಹೆಚ್ಚಾಗಿ ಗೋಡೆಯ ಬುಡದಲ್ಲೇ, ಅಲ್ಲಿ ಕಲ್ಲು ಸಿಕ್ಕರೆ ಮುಂದೆ ಹೋಗುತ್ತದೆ. ಸುಲ್ಕಾಟದಂಥ ದೊಡ್ಡ ಜಾತಿಗೆ ಈ ಲೆಕ್ಕ ಸಾಲದು, ಅವು ಮೀಟರ್‌ಗಟ್ಟಲೆ ಬಿಲ ತೋಡುತ್ತವೆ.

ಮೂಲೆಗಳ ಬಗ್ಗೆ ನನಗೆ ಹೆಚ್ಚು ಆತಂಕ ಇತ್ತು. ನೇರ ಗೋಡೆಯನ್ನು ಹತ್ತಲಾಗದ ಆಮೆಯೂ ಮೂಲೆಯಲ್ಲಿ ಒಂದು ಕಾಲನ್ನು ಈ ಗೋಡೆಗೆ, ಇನ್ನೊಂದನ್ನು ಆ ಗೋಡೆಗೆ ಕೊಟ್ಟು, ಚಿಪ್ಪನ್ನು ಆನಿಸಿಕೊಂಡು ಮೇಲೇರುತ್ತದೆ. ದಾಟಿ ಹೋಗುವುದಕ್ಕಿಂತ ಅಂಗಾತ ಬೀಳುವುದು ದೊಡ್ಡ ಅಪಾಯ. ಆಮೆಯ ಶ್ವಾಸಕೋಶ ಬೆನ್ನಿನ ಚಿಪ್ಪಿನ ಕೆಳಗೇ ಇದೆ. ಮಗುಚಿ ಬಿದ್ದರೆ ಹೊಟ್ಟೆಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಜೊತೆಗೆ ಬಿಸಿಲಿದ್ದರೆ ಬೇಗ ಪ್ರಾಣಕ್ಕೇ ಬರುತ್ತದೆ. ಅದಕ್ಕೆ ನಾಲ್ಕೂ ಮೂಲೆಯ ಮೇಲೆ ಒಳಕ್ಕೆ ಚಾಚುವಂತೆ ತ್ರಿಕೋನದ ಹಲಗೆ ಕೂರಿಸಿದೆ. ಗೋಡೆಯ ಹತ್ತಿರ ಏರಲು ಆಸರೆಯಾಗುವ ಕಲ್ಲಾಗಲಿ ಕುಂಡವಾಗಲಿ ಇಡಲಿಲ್ಲ.

ಮೇಲಿನಿಂದ ಕಾಗೆ, ರಾತ್ರಿ ಇಲಿ, ಯಾವಾಗ ಬೇಕಾದರೂ ನಾಯಿ. ಚಿಪ್ಪು ಇದೆಯಲ್ಲ ಎಂದು ಧೈರ್ಯವಾಗಿರುವಂತಿಲ್ಲ. ಅದರಲ್ಲಿ ರಕ್ತ, ನರ ಎಲ್ಲವೂ ಇವೆ, ಮನೆಯ ಸಾಧು ನಾಯಿಯೂ ಅದನ್ನು ಮೂಳೆಯ ಹಾಗೆ ಕಡಿಯಬಲ್ಲದು. 12 ಮಿಲಿಮೀಟರ್ ಕಣ್ಣಿನ ವೆಲ್ಡ್ ಮೆಶ್ ಹೊಡೆದ ಚೌಕಟ್ಟಿನ ಮುಚ್ಚಳ ಮಾಡಿಸಿ, ಕೀಲು ಮತ್ತು ಚಿಲಕ ಹಾಕಿಸಿದೆ. ಕೋಳಿ ಬಲೆ ಅಗ್ಗ, ಆದರೆ ನಾಯಿ ಎಳೆದರೆ ಹರಿಯುತ್ತದೆ, ಇಲಿಮರಿ ನುಸುಳುತ್ತದೆ. ಸಂಜೆಯಾದರೆ ಆಮೆ ಮರದ ಪೆಟ್ಟಿಗೆಗೆ ಹೋಗುತ್ತದೆ, ಒಳಗೆ ಇದೆ ಎಂದು ಕಣ್ಣಾರೆ ನೋಡಿಯೇ ಬಾಗಿಲಿಗೆ ಚಿಲಕ ಹಾಕುತ್ತೇನೆ. ತಂಪಿನಲ್ಲಿ ಜಡವಾಗಿ ಬಿದ್ದಿರುವ ಆಮೆಯ ಕಾಲನ್ನು ಇಲಿ ಕಡಿದರೆ ಅದಕ್ಕೆ ತಪ್ಪಿಸಿಕೊಳ್ಳಲಾಗುವುದಿಲ್ಲ.

ಅಂಚು ಭದ್ರವಾದ ಮೇಲೆ ಎಷ್ಟು ದೊಡ್ಡದಾದರೂ ಒಳ್ಳೆಯದೇ. ನಮ್ಮದು 3 ಮೀಟರ್ ಉದ್ದ, 1.5 ಮೀಟರ್ ಅಗಲ. ಜಾಗ ಗುರುತಿಸುವ ಮುಂಚೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿ ಬೀಳುತ್ತದೆ ಎಂದು ನೋಡಿದ್ದೆ. ಬೆಳಗಿನ ಬಿಸಿಲು ಬೀಳಬೇಕು, ನಡುಹಗಲಲ್ಲಿ ಅರ್ಧ ಭಾಗವಾದರೂ ನೆರಳಿರಬೇಕು. ಥರ್ಮಾಮೀಟರ್ ಅನ್ನು ಚಿಪ್ಪಿನ ಎತ್ತರದಲ್ಲೇ ಇಟ್ಟು ನೋಡಿ, ನಾವು ನಿಂತ ಎತ್ತರದ ಗಾಳಿಗೂ ನೆಲಕ್ಕೂ ಬಹಳ ವ್ಯತ್ಯಾಸ ಇರುತ್ತದೆ.

ಒಳಗೆ ದಾಸವಾಳ ನೆಟ್ಟೆ, ಹೂವು ಎಲೆ ಎರಡನ್ನೂ ತಿನ್ನುತ್ತದೆ. ಕಣಗಿಲೆ, ಲಂಟಾನ ವಿಷ, ಹತ್ತಿರವೂ ಬೇಡ. ಕೀಟನಾಶಕ ಬಿದ್ದ ಮಣ್ಣೂ ಬೇಡ. ನೀರಿನ ತಟ್ಟೆಯನ್ನು ನೆಲದ ಮಟ್ಟಕ್ಕೆ ಹೂತಿಟ್ಟಿದ್ದೇನೆ, ಆಮೆ ಒಳಗೆ ನಿಂತರೂ ತಲೆ ಸಲೀಸಾಗಿ ಮೇಲಿರುವಷ್ಟು ಮಾತ್ರ ಆಳ. ಕೆಲಸ ಮುಗಿದ ಮೇಲೆ ಮೊಳೆ, ತಂತಿಚೂರು, ಪ್ಲಾಸ್ಟಿಕ್ ಒಂದೂ ಉಳಿಯದಂತೆ ಮಣ್ಣನ್ನು ಕೈಯಿಂದಲೇ ಕೆದಕಿ ಆರಿಸಿದೆ. ಆಮೆ ಎಲ್ಲವನ್ನೂ ಬಾಯಿಗೆ ಹಾಕಿ ನೋಡುತ್ತದೆ.

ಜೋರು ಮಳೆ ಬಿದ್ದ ಮರುದಿನ ಗೋಡೆಯ ಬುಡವನ್ನು ಒಳಗೂ ಹೊರಗೂ ಕಾಲಿನಿಂದ ಒತ್ತಿ ನೋಡುತ್ತೇನೆ. ಕುಸಿದಲ್ಲಿ ಮಣ್ಣು ತುಂಬಿ ಬಡಿಯುತ್ತೇನೆ. ಹೊರಗಿನ ಬದಿಯನ್ನು ಮರೆಯಬೇಡಿ, ಇಲಿ ತೋಡಿಕೊಂಡು ಬರುವುದು ಅಲ್ಲಿಂದ.